ಒಂದು ಪ್ರಶ್ನೆ ಕೇಳಿ: ನಮ್ಮ ಕ್ಷೇತ್ರದ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ಇದು ನಾನು ನಿಮಗೆ ಬರೆಯುತ್ತಿರುವ ನಾಲ್ಕನೇ ಪತ್ರ. ಮೊದಲಿನ ಮೂರನ್ನು ಇಂಗ್ಲಿಷಿನಲ್ಲಿ ಬರೆದಿದ್ದೆ. ಮೂರಕ್ಕೂ ನಿಮ್ಮ ಕಚೇರಿಯಿಂದ ಬಂದದ್ದು ಒಂದೇ ಉತ್ತರ, ತಾರೀಖು ಮಾತ್ರ ಬೇರೆ. ನಿಮ್ಮ ಕಳವಳ ಅರ್ಥವಾಗುತ್ತದೆ, ಸಂಬಂಧಪಟ್ಟ ಇಲಾಖೆಗೆ ತಿಳಿಸಿದ್ದೇವೆ ಎಂದು. ಯಾವ ಇಲಾಖೆ, ಏನು ತಿಳಿಸಿದಿರಿ, ಅವರು ಏನಂದರು, ಒಂದೂ ಇಲ್ಲ. ಅದಕ್ಕೇ ಈ ಸಲ ನನಗೆ ಸಿಟ್ಟು ಬರುವ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಇಲ್ಲಿ ಇಂಗ್ಲೆಂಡಿನಲ್ಲಿರುವ ಕನ್ನಡದವರು ಓದಲಿ, ಊರಿನವರೂ ಓದಲಿ. ನನ್ನ ಮಗಳು ಇದನ್ನು ಇಂಗ್ಲಿಷಿಗೆ ಮಾಡಿ ನಿಮಗೆ ಕಳಿಸುತ್ತಾಳೆ.

ನಾನು ಕೇಳುತ್ತಿರುವುದು ದೊಡ್ಡದೇನೂ ಅಲ್ಲ. ಸಂಸತ್ತಿನಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿ. ಈ ದೇಶದ ವಿದೇಶಾಂಗ ನೀತಿಯಿಂದ ಮುಸ್ಲಿಂ ದೇಶಗಳಲ್ಲಿ ಆದ ಅನಾಹುತದ ಬಗ್ಗೆ ಶಾಲೆಯ ಹುಡುಗನೊಬ್ಬ ಮಾತಾಡಿದರೆ ಅದು ಉಗ್ರವಾದವೇ, ಹೌದೋ ಅಲ್ಲವೋ ಎಂದು ಗೃಹ ಸಚಿವರ ಬಾಯಿಂದ ಹೇಳಿಸಿ. ಅಷ್ಟು ಸಾಕು.

ನನ್ನ ಪರಿಚಯ ಹೇಳುತ್ತೇನೆ. ನಾನು ಬಂಟ್ವಾಳದವಳು. ಮನೆಯಲ್ಲಿ ಬ್ಯಾರಿ ಭಾಷೆ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು ಮಾತಾಡಿ ಬೆಳೆದವಳು. 2002ರ ಸೆಪ್ಟೆಂಬರಿನಲ್ಲಿ ಮದುವೆಯಾಗಿ ಇಲ್ಲಿಗೆ ಬಂದೆ. ಇಪ್ಪತ್ತು ವರ್ಷದಿಂದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕೊರೋನಾ ಕಾಲದಲ್ಲೂ ಒಂದು ದಿನ ಅಂಗಡಿ ತಪ್ಪಿಸಲಿಲ್ಲ. ಶನಿವಾರ ಬೆಳಿಗ್ಗೆ ಇಲ್ಲಿನ ಕನ್ನಡ ಮಕ್ಕಳಿಗೆ ಅಕ್ಷರ ಕಲಿಸುತ್ತೇನೆ. ಪ್ರತಿ ಚುನಾವಣೆಯಲ್ಲೂ ಮತ ಹಾಕಿದ್ದೇನೆ. ಎರಡು ಸಲ ನಿಮಗೇ ಹಾಕಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಮೂರು ಪತ್ರದಲ್ಲಿ ಬರೆದದ್ದೇ, ಆದರೆ ನೀವು ಓದಿದ್ದೀರಿ ಎಂಬ ನಂಬಿಕೆ ನನಗಿಲ್ಲ.

ನನ್ನ ಮಗನಿಗೆ ಆಗ ಹದಿನಾಲ್ಕು ವರ್ಷ. ಅವನ ಶಾಲೆಯಲ್ಲಿ ಚರ್ಚಾ ಸ್ಪರ್ಧೆ ಇಟ್ಟರು. ವಿಷಯ ಕೊಟ್ಟವರು ಶಾಲೆಯವರೇ: ಮುಸ್ಲಿಂ ದೇಶಗಳ ಉಗ್ರವಾದಕ್ಕೂ ಕಲಹಕ್ಕೂ ಪಶ್ಚಿಮದ ದೇಶಗಳೇ ಹೊಣೆ. ಪರವೋ ವಿರೋಧವೋ ಎಂದು ನಾಣ್ಯ ಚಿಮ್ಮಿ ನಿರ್ಧರಿಸಿದರು. ನನ್ನ ಮಗನಿಗೆ ಪರ ಬಂತು. ಅವನ ಗೆಳತಿಯೊಬ್ಬಳಿಗೆ ವಿರೋಧ ಬಂತು. ನಾಣ್ಯ ಇನ್ನೊಂದು ಕಡೆ ಬಿದ್ದಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ.

ಎರಡು ವಾರ ಊಟದ ಮೇಜಿನ ತುಂಬ ಕಾಗದ. ಗ್ರಂಥಾಲಯದಿಂದ ಪುಸ್ತಕ ತಂದ. ಬಂಟ್ವಾಳಕ್ಕೆ ಫೋನ್ ಹಚ್ಚಿ ಅಜ್ಜನ ಹತ್ತಿರ ಕುವೈತಿನ ಕತೆ ಕೇಳಿ ಬರೆದುಕೊಂಡ. ಕಾಲ್ಚೆಂಡು ಬಿಟ್ಟು ಬೇರೆ ಯಾವುದರಲ್ಲೂ ಅಷ್ಟು ಮುಳುಗಿದ್ದನ್ನು ನಾನು ನೋಡಿರಲಿಲ್ಲ. ನನಗೆ ಹೆಮ್ಮೆ ಅನಿಸಿತ್ತು. ಅವನ ಅಪ್ಪನಿಗೆ ಮಾತ್ರ ಭಯ. "ಎಂತಕ್ಕೆ ಮಗಾ ಇದೆಲ್ಲ, ಸ್ವಲ್ಪ ಮೆತ್ತಗೆ ಬರಿ" ಅಂದರು. ನಾನು ಅವರಿಗೇ ಬೈದೆ. ಶಾಲೆಯೇ ಕೊಟ್ಟ ವಿಷಯ ಅಲ್ವಾ, ಅದರಲ್ಲಿ ಭಯ ಎಂತದು ಅಂದೆ. ಅವರು ಹೇಳಿದ್ದೇ ಸರಿ ಆಯಿತು. ಇದು ನನ್ನನ್ನು ಇವತ್ತಿಗೂ ಸುಡುತ್ತದೆ.

ಅವನ ಭಾಷಣದಲ್ಲಿ ಹೀಗೊಂದು ಸಾಲಿತ್ತು: "ಬಾಂಬ್ ಬಿದ್ದ ಮನೆಯ ಹುಡುಗನ ಸಿಟ್ಟು ನನಗೆ ಅರ್ಥವಾಗುತ್ತದೆ." ಅದರ ಮುಂದಿನ ಸಾಲು: "ಆದರೆ ಆ ಸಿಟ್ಟಿನಲ್ಲಿ ಇನ್ನೊಬ್ಬರ ಮನೆಯ ಮಕ್ಕಳನ್ನು ಕೊಲ್ಲುವುದನ್ನು ನಾನು ಯಾವತ್ತೂ ಒಪ್ಪುವುದಿಲ್ಲ." ಎರಡು ದಿನ ಬಿಟ್ಟು ಶಾಲೆಯಲ್ಲಿ ಮಕ್ಕಳ ಸುರಕ್ಷತೆ ನೋಡುವವರೊಬ್ಬರು ನನ್ನ ಮಗನ ಹೆಸರಿನಲ್ಲಿ ಪ್ರಿವೆಂಟ್ ಯೋಜನೆಯ, ಅಂದರೆ ಉಗ್ರವಾದದ ಕಡೆ ಹೋಗಬಹುದಾದವರನ್ನು ಮೊದಲೇ ಗುರುತಿಸುವ ಸರ್ಕಾರದ ಯೋಜನೆಯ, ಅರ್ಜಿ ತುಂಬಿದರು. ಅದರಲ್ಲಿ ಮೊದಲ ಸಾಲು ಇತ್ತು. ಎರಡನೆಯದು ಇರಲಿಲ್ಲ. ಸ್ಪರ್ಧೆಯ ವಿಷಯ ಶಾಲೆಯೇ ಕೊಟ್ಟದ್ದು ಎಂದೂ ಇರಲಿಲ್ಲ. ನಾಣ್ಯದ ಮಾತೂ ಇರಲಿಲ್ಲ. ಕಳಿಸುವ ಮೊದಲು ನನಗಾಗಲಿ ನನ್ನ ಗಂಡನಿಗಾಗಲಿ ಒಂದು ಫೋನ್ ಮಾಡಲಿಲ್ಲ.

ಒಂದು ಮಂಗಳವಾರ ಸಂಜೆ ಇಬ್ಬರು ಅಧಿಕಾರಿಗಳು ಮನೆಗೆ ಬಂದರು. ಸಮವಸ್ತ್ರದಲ್ಲಿ ಇರಲಿಲ್ಲ. ಮಾತು ಮೆತ್ತಗೆಯೇ ಇತ್ತು, ಅದನ್ನು ನಾನು ಒಪ್ಪುತ್ತೇನೆ. ನಾನು ಅಭ್ಯಾಸದಂತೆ ಚಹಾ ಮಾಡಲು ಹೋದೆ. ಅಡುಗೆ ಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಫೋನಿನಲ್ಲಿ ಏನೇನು ನೋಡುತ್ತೀ? ಮನೆಯಲ್ಲಿ ಯಾರು ಇಂತಹ ಮಾತು ಆಡುತ್ತಾರೆ? ದಿನಕ್ಕೆ ಎಷ್ಟು ಸಲ ನಮಾಜು? ಭಾರತಕ್ಕೆ ಹೋದಾಗ ಎಲ್ಲೆಲ್ಲಿ ಹೋಗುತ್ತೀರಿ? ಬಂಟ್ವಾಳದ ಮನೆ, ಮಂಗಳೂರಿನ ಮಾವನ ಮನೆ, ಪಣಂಬೂರು ಬೀಚ್ ಎಂದು ಅವನು ಒಂದೊಂದಾಗಿ ಹೇಳುತ್ತಿದ್ದ. ಧ್ವನಿ ನಡುಗುತ್ತಿತ್ತು. ಚಹಾ ಉಕ್ಕಿ ಒಲೆಯ ಮೇಲೆ ಹೋಯಿತು. ನನಗೆ ಗ್ಯಾಸ್ ಆರಿಸಲೂ ತೋಚಲಿಲ್ಲ.

ನಾಲ್ಕು ವಾರದ ನಂತರ ಪತ್ರ ಬಂತು. ಮುಂದಿನ ಕ್ರಮ ಇಲ್ಲ ಎಂದು ಬರೆದಿದ್ದರು. ಹಾಗಾದರೆ ದಾಖಲೆ ತೆಗೆಯುತ್ತೀರಾ ಎಂದು ಫೋನ್ ಮಾಡಿ ಕೇಳಿದೆ. ಅದು ಆರು ವರ್ಷ ಇರಬಹುದು ಅಂದರು. ಅಂದರೆ ಅವನಿಗೆ ಇಪ್ಪತ್ತು ಆಗುವವರೆಗೆ. ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವಾಗಲೂ, ಮೊದಲ ಕೆಲಸ ಹುಡುಕುವಾಗಲೂ ಅವನ ಹೆಸರು ಆ ಕಂಪ್ಯೂಟರಿನಲ್ಲಿ ಇರುತ್ತದೆ. 2020ರಲ್ಲಿ ಲಂಡನ್ನಿನ ಹೈಕೋರ್ಟು ಇಂತಹದ್ದೇ ಒಬ್ಬ ಹುಡುಗನ ಮೊಕದ್ದಮೆಯಲ್ಲಿ, ಪೊಲೀಸರು ಅವನ ದಾಖಲೆ ಇಟ್ಟುಕೊಂಡದ್ದು ಕಾನೂನಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿದೆ. ಅದು ನಿಮಗೆ ಗೊತ್ತಿರಲೇಬೇಕು. ನೀವು ಕಾನೂನು ಮಾಡುವವರು.

ನನ್ನ ಮಗ ಏನು ತಪ್ಪು ಹೇಳಿದ್ದ? ಆ ಕಾಗದಗಳು ಇನ್ನೂ ನನ್ನ ಹತ್ತಿರ ಇವೆ. ಈಗ ನನ್ನ ಮುಂದೆಯೇ ಇವೆ. ಅವನು ಸುಳ್ಳು ಏನಾದರೂ ಬರೆದಿದ್ದರೆ ತೋರಿಸಿಕೊಡಿ.

ಮೊದಲು ಇರಾನಿನ ಬಗ್ಗೆ ಬರೆದಿದ್ದ. ಅಲ್ಲಿನ ಎಣ್ಣೆಯನ್ನು ತೆಗೆಯುತ್ತಿದ್ದ ಆಂಗ್ಲೋ ಇರಾನಿಯನ್ ಕಂಪನಿಯ ಅರ್ಧಕ್ಕಿಂತ ಜಾಸ್ತಿ ಪಾಲು ಬ್ರಿಟಿಷ್ ಸರ್ಕಾರದ್ದೇ ಆಗಿತ್ತು. ಆ ಕಂಪನಿ ಇರಾನಿಗೆ ಕೊಡುತ್ತಿದ್ದ ಪಾಲಿಗಿಂತ ಲಂಡನ್ನಿಗೆ ಕಟ್ಟುತ್ತಿದ್ದ ತೆರಿಗೆ ದೊಡ್ಡದಿತ್ತು. ಅಬಾದಾನಿನ ದೊಡ್ಡ ಸಂಸ್ಕರಣಾ ಘಟಕದ ಪಕ್ಕದಲ್ಲೇ ಕೂಲಿಗಳು ಗುಡಿಸಲಿನಲ್ಲಿ ಇದ್ದರು. 1951ರಲ್ಲಿ ಇರಾನಿನ ಸಂಸತ್ತು ನಮ್ಮ ಎಣ್ಣೆ ನಮ್ಮದು ಎಂದು ತೀರ್ಮಾನ ಮಾಡಿತು. ಮೊಹಮ್ಮದ್ ಮೊಸದ್ದೆಕ್ ಪ್ರಧಾನಿಯಾದರು. ಅವರು ಮುಲ್ಲಾ ಅಲ್ಲ, ಕಮ್ಯುನಿಸ್ಟರೂ ಅಲ್ಲ. ಯುರೋಪಿನಲ್ಲಿ ಕಾನೂನು ಓದಿದವರು, ಸಂಸತ್ತನ್ನು ನಂಬಿದವರು. ಬ್ರಿಟನ್ ಅವರ ಎಣ್ಣೆ ಯಾರೂ ಕೊಳ್ಳದಂತೆ ತಡೆಯಿತು. ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು 1952ರಲ್ಲಿ ಆ ನ್ಯಾಯಾಲಯ ಹೇಳಿತು. ನ್ಯಾಯಾಲಯದಲ್ಲಿ ಆಗದ್ದನ್ನು ಬೇಹುಗಾರರ ಕೈಯಲ್ಲಿ ಮಾಡಿಸಿದರು. ಇಲ್ಲಿನ ಎಂಐ6, ಅಮೆರಿಕದ ಸಿಐಎ ಸೇರಿ 1953ರ ಆಗಸ್ಟ್ 19ರಂದು ಮೊಸದ್ದೆಕ್ ಸರ್ಕಾರವನ್ನು ಬೀಳಿಸಿದವು. ದುಡ್ಡು ಕೊಟ್ಟು ಜನ ಸೇರಿಸಿದ್ದರು. ಮೊಸದ್ದೆಕ್ ಮೂರು ವರ್ಷ ಜೈಲಿನಲ್ಲಿದ್ದರು. ಆಮೇಲೆ ಸಾಯುವವರೆಗೆ, ಅಂದರೆ 1967ರ ತನಕ, ಹಳ್ಳಿಯ ಮನೆಯಲ್ಲಿ ಬಂಧಿಯಾಗಿದ್ದರು.

ಮಗ ಇದನ್ನು ಓದಿ ನನಗೊಂದು ಮಾತು ಹೇಳಿದ್ದ. "ಅಮ್ಮಾ, ಸಂಸತ್ತಿನ ಮೂಲಕ ಹೋದವನನ್ನು ಓಡಿಸಿದರೆ ಮುಂದೆ ಬರುವವನು ಸಂಸತ್ತಿನ ಮೂಲಕ ಬರುತ್ತಾನಾ?" ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಯೋಚಿಸಿದೆ. ಇರಾನಿನ ದೊರೆ ಶಾ ವಾಪಸ್ ಬಂದ ಮೇಲೆ ಪಕ್ಷಗಳು ಹೋದವು, ಪತ್ರಿಕೆಗಳ ಬಾಯಿ ಮುಚ್ಚಿತು, 1957ರಲ್ಲಿ ಸಾವಾಕ್ ಎಂಬ ಗುಪ್ತ ಪೊಲೀಸ್ ಬಂತು. ಜನ ಸೇರಿ ಮಾತಾಡಲು ಉಳಿದ ಜಾಗ ಮಸೀದಿ ಒಂದೇ. 1979ರಲ್ಲಿ ಮಸೀದಿಯಿಂದಲೇ ಕ್ರಾಂತಿ ಎದ್ದು ಬಂತು. ಆ ಕ್ರಾಂತಿ ತನ್ನದೇ ಮಕ್ಕಳನ್ನು ಗಲ್ಲಿಗೆ ಹಾಕಿತು. ಆ ಪಾಪ ಅವರದ್ದು, ಅದನ್ನು ಬ್ರಿಟನ್ ತಲೆಗೆ ಕಟ್ಟಲು ನಾನು ಹೋಗುವುದಿಲ್ಲ. ಆದರೆ ನಡುವಿನ ಜಾಗವನ್ನು ಖಾಲಿ ಮಾಡಿಸಿದ್ದು ಯಾರು? 2013ರಲ್ಲಿ ಸಿಐಎ ತನ್ನ ದಾಖಲೆಗಳಲ್ಲಿ ತನ್ನ ಪಾತ್ರವನ್ನು ಒಪ್ಪಿಕೊಂಡಿತು. ನಮ್ಮ ಸರ್ಕಾರ? 2023ರಲ್ಲಿ ಎಪ್ಪತ್ತು ವರ್ಷ ತುಂಬಿತು. ಹಿಂದೆ ಇಲ್ಲಿನ ವಿದೇಶಾಂಗ ಸಚಿವರಾಗಿದ್ದ ಡೇವಿಡ್ ಓವನ್ ಅವರೇ ಒಪ್ಪಿಕೊಳ್ಳಿ ಎಂದು ಕೇಳಿದರು. ಆಗಲೂ ಸರ್ಕಾರ ಬಾಯಿ ಬಿಡಲಿಲ್ಲ. ಹದಿನಾಲ್ಕರ ಹುಡುಗ ಬಾಯಿ ಬಿಟ್ಟ. ಅವನ ಮನೆಗೆ ಅಧಿಕಾರಿಗಳು ಬಂದರು.

ಎರಡನೆಯದು ಅಫ್ಘಾನಿಸ್ತಾನದ ಪಾಠ ಪುಸ್ತಕ. ಇದನ್ನು ಕೇಳಿದಾಗ ನನ್ನ ಕೈಕಾಲು ತಣ್ಣಗಾಗಿತ್ತು, ಯಾಕೆಂದರೆ ನಾನು ಅಕ್ಷರ ಕಲಿಸುವವಳು. ಶನಿವಾರ ನನ್ನ ಮುಂದೆ ಕೂರುವ ಪುಟ್ಟ ಮಕ್ಕಳಿಗೆ ಅ ಅಂದರೆ ಅರಸ, ಆ ಅಂದರೆ ಆನೆ ಎಂದು ಹೇಳಿಕೊಡುತ್ತೇನೆ. 1979ರ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ ಅಲ್ಲಿನ ಮಕ್ಕಳಿಗೆ ಅಮೆರಿಕ ಪುಸ್ತಕ ಬರೆಸಿತು. ದುಡ್ಡು ಅಮೆರಿಕ ಸರ್ಕಾರದ್ದು, ತಯಾರಿ ಒಮಾಹಾದ ನೆಬ್ರಾಸ್ಕಾ ವಿಶ್ವವಿದ್ಯಾಲಯದ್ದು. 1984ರಿಂದ 1994ರವರೆಗೆ ಅಲ್ಲಿನ ಅಫ್ಘಾನ್ ಶಿಕ್ಷಣ ಯೋಜನೆಗಳಿಗೆ 5 ಕೋಟಿ 10 ಲಕ್ಷ ಡಾಲರ್ ಹೋಯಿತು. ಆ ಪುಸ್ತಕದಲ್ಲಿ ಜೀಮ್ ಎಂಬ ಅಕ್ಷರಕ್ಕೆ ಜಿಹಾದ್. ಎಣಿಸಲು ಕಲಿಯುವುದಕ್ಕೆ ಬಂದೂಕು, ಗುಂಡು, ಟ್ಯಾಂಕು. ನಮ್ಮ ಮಕ್ಕಳು ಮಾವಿನ ಹಣ್ಣು ಎಣಿಸಿದ ಹಾಗೆ ಆ ಮಕ್ಕಳು ಗುಂಡು ಎಣಿಸಿದರು. ತಾಲಿಬಾನಿಗಳು ಬಂದ ಮೇಲೂ ಅದೇ ಪುಸ್ತಕ ನಡೆಯಿತು. ಅವರು ಮನುಷ್ಯರ ಮುಖಗಳನ್ನು ಮಾತ್ರ ಅಳಿಸಿದರು. ಬಂದೂಕಿನ ಚಿತ್ರಗಳು ಹಾಗೇ ಉಳಿದವು.

ಸೋವಿಯತ್ ವಿರುದ್ಧದ ಆ ಯುದ್ಧಕ್ಕೆ ಸೌದಿ ಅರೇಬಿಯಾ ಅಮೆರಿಕಕ್ಕೆ ಸರಿಸಮನಾಗಿ ದುಡ್ಡು ಕೊಟ್ಟಿತು. ಪಾಕಿಸ್ತಾನದ ಜಿಯಾ ಸರ್ಕಾರ ಅತಿ ಕಟ್ಟರ್ ಗುಂಪುಗಳಿಗೇ ಹುಡುಕಿ ಹುಡುಕಿ ಆಯುಧ ಹಂಚಿತು. ಇದನ್ನೂ ಮಗ ಬರೆದಿದ್ದ. ಒಂದೇ ಕಡೆಯ ಮಾತು ಹೇಳಿದ ಅನ್ನುವಂತಿಲ್ಲ.

ಮೂರನೆಯದು ಇರಾಕ್. ಇದಕ್ಕೆ ಅವನಿಗೆ ಪುಸ್ತಕ ಜಾಸ್ತಿ ಬೇಕಾಗಲಿಲ್ಲ. ಅಜ್ಜ ಇದ್ದರು.

ನನ್ನ ಅಪ್ಪ ಕುವೈತಿನಲ್ಲಿ ಬೇಕರಿಯೊಂದರಲ್ಲಿ ಕೆಲಸಕ್ಕಿದ್ದರು. 1990ರ ಆಗಸ್ಟ್ 2ರಂದು ಸದ್ದಾಂ ಹುಸೇನನ ಸೈನ್ಯ ಒಳಗೆ ಬಂತು. ನಮಗೆ ಊರಿನಲ್ಲಿ ಏಳು ವಾರ ಅಪ್ಪನ ಸುದ್ದಿಯೇ ಇಲ್ಲ. ಅಮ್ಮ ರೇಡಿಯೋದ ಪಕ್ಕದಲ್ಲೇ ಮಲಗುತ್ತಿದ್ದಳು. ನಮ್ಮ ಕೇರಿಯಲ್ಲೇ ಅಂತಹ ನಾಲ್ಕು ಮನೆ ಇತ್ತು. ಕರಾವಳಿಯ ಎಷ್ಟೋ ಮನೆಗಳ ಕತೆ ಇದು. ಅಪ್ಪ ಬಸ್ಸಿನಲ್ಲಿ ಬಗ್ದಾದ್ ದಾಟಿ, ಜೋರ್ಡಾನ್ ಗಡಿಯ ಮರಳಿನಲ್ಲಿ ಡೇರೆಯಲ್ಲಿ ದಿನ ಕಳೆದು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿಗೆ ಬಂದರು. ಆ ಸಲ ಒಂದು ಲಕ್ಷ ಎಪ್ಪತ್ತು ಸಾವಿರಕ್ಕಿಂತ ಹೆಚ್ಚು ಭಾರತೀಯರನ್ನು ಕರೆತಂದರು. ಅಪ್ಪ ಬರುವಾಗ ಕೈಯಲ್ಲಿ ಒಂದು ಚೀಲ, ಹದಿಮೂರು ವರ್ಷದ ದುಡಿಮೆ ಅಲ್ಲೇ.

ಅಪ್ಪ ಸದ್ದಾಂನನ್ನು ಯಾವತ್ತೂ ಕ್ಷಮಿಸಲಿಲ್ಲ. ನಮ್ಮ ಮನೆಯ ಅನ್ನ ಕಿತ್ತುಕೊಂಡವನು ಮುಸ್ಲಿಂ ಸರ್ವಾಧಿಕಾರಿಯೇ, ಪಶ್ಚಿಮದವನಲ್ಲ. ಅದು ನನಗೆ ಚೆನ್ನಾಗಿ ಗೊತ್ತಿದೆ. ಹಲಬ್ಜಾದಲ್ಲಿ 1988ರ ಮಾರ್ಚಿನಲ್ಲಿ ಸಾವಿರಾರು ಕುರ್ದ್ ಜನರನ್ನು ವಿಷದ ಗಾಳಿಯಲ್ಲಿ ಕೊಂದವನೂ ಅವನೇ. ಆದರೆ ಅವನು ಇರಾನಿನ ಮೇಲೆ ಯುದ್ಧ ಮಾಡುತ್ತಿದ್ದ ಎಂಟು ವರ್ಷ ಅವನ ಬೆನ್ನು ತಟ್ಟಿದವರು ಯಾರು? ಇರಾಕಿಗೆ ರಕ್ಷಣಾ ಸಾಮಗ್ರಿ ಮಾರುವ ನಿಯಮ ಸಡಿಲವಾದ ಬಗ್ಗೆ ಸಚಿವರು ಸಂಸತ್ತಿಗೆ ಸರಿಯಾದ ಮಾಹಿತಿ ಕೊಡಲಿಲ್ಲ ಎಂದು 1996ರ ಸ್ಕಾಟ್ ವರದಿ ಹೇಳಿತು. ಅದು ನಿಮ್ಮದೇ ಸಂಸತ್ತು.

ಬಗ್ದಾದಿನಲ್ಲಿ ಬಸ್ಸು ನಿಂತಾಗ ಒಬ್ಬಳು ಹೆಂಗಸು ಕಿಟಕಿಯಿಂದ ಅಪ್ಪನಿಗೆ ರೊಟ್ಟಿ, ಖರ್ಜೂರ ಕೊಟ್ಟಳಂತೆ. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲವಂತೆ. 2003ರ ಮಾರ್ಚಿನಲ್ಲಿ ಅಮೆರಿಕ, ಬ್ರಿಟನ್ ಸೇರಿ ಇರಾಕಿನ ಮೇಲೆ ಯುದ್ಧ ಶುರು ಮಾಡಿದಾಗ ಟಿವಿಯಲ್ಲಿ ಬಗ್ದಾದ್ ಉರಿಯುವುದನ್ನು ನೋಡಿ ಅಪ್ಪ ನನಗೆ ಫೋನ್ ಮಾಡಿದರು. "ಆ ಹೆಂಗಸಿನ ಬೀದಿ ಎಲ್ಲಿತ್ತೋ ಏನೋ ಮಗಳೇ" ಅಂದರು. ಮತ್ತೇನೂ ಹೇಳಲಿಲ್ಲ. ನಾನು ಆಗ ಈ ದೇಶಕ್ಕೆ ಬಂದು ಆರು ತಿಂಗಳು. ಅದಕ್ಕೆ ಮೊದಲು, ಫೆಬ್ರವರಿ 15ರಂದು, ಯುದ್ಧ ಬೇಡ ಎಂಬ ಲಂಡನ್ನಿನ ಮೆರವಣಿಗೆಗೆ ನಾನೂ ನನ್ನ ಗಂಡನೂ ಹೋಗಿದ್ದೆವು. ಅಷ್ಟು ಚಳಿಯಲ್ಲಿ ಅಷ್ಟು ಜನ. ಹತ್ತು ಲಕ್ಷ ಅಂದರು ಕೆಲವರು, ಇನ್ನೂ ಜಾಸ್ತಿ ಅಂದರು ಕೆಲವರು. ನನ್ನ ಪಕ್ಕದಲ್ಲಿ ನಡೆಯುತ್ತಿದ್ದ ಇಂಗ್ಲಿಷ್ ಅಜ್ಜಿಯೊಬ್ಬರು ತಮ್ಮ ಕೈಗವಸು ಬಿಚ್ಚಿ ನನಗೆ ಕೊಟ್ಟರು. ಇಂತಹ ದೇಶದಲ್ಲಿ ಬದುಕಬಹುದು ಎಂದು ನನಗೆ ಧೈರ್ಯ ಬಂದದ್ದು ಅವತ್ತು. ಮಾರ್ಚ್ 18ರಂದು ಸಂಸತ್ತಿನಲ್ಲಿ ಮತಕ್ಕೆ ಹಾಕಿದರು. 412 ಮಂದಿ ಯುದ್ಧ ಬೇಕು ಅಂದರು, 149 ಮಂದಿ ಬೇಡ ಅಂದರು.

ಆಮೇಲೆ ಆದದ್ದು ನಿಮಗೆ ಗೊತ್ತು. ಸದ್ದಾಂ ಹತ್ತಿರ ಇವೆ ಎಂದು ಹೇಳಿದ್ದ ಸಾಮೂಹಿಕ ವಿನಾಶದ ಆಯುಧ ಸಿಗಲಿಲ್ಲ. 2003ರ ಮೇ ತಿಂಗಳಲ್ಲಿ ಇರಾಕಿನ ಆಡಳಿತ ನೋಡಲು ಅಮೆರಿಕ ಕಳಿಸಿದ್ದ ಪಾಲ್ ಬ್ರೆಮರ್ ಎರಡು ಆದೇಶ ಹೊರಡಿಸಿದ. ಒಂದರಲ್ಲಿ ಸದ್ದಾಂನ ಬಾತ್ ಪಕ್ಷದ ಮೇಲಿನ ಹಂತದವರನ್ನು ಸರ್ಕಾರಿ ಕೆಲಸದಿಂದ ತೆಗೆದ. ಇನ್ನೊಂದರಲ್ಲಿ ಇಡೀ ಸೈನ್ಯವನ್ನೇ ಬರ್ಖಾಸ್ತು ಮಾಡಿದ. ಬಂದೂಕು ಹಿಡಿಯುವುದು ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದ ಲಕ್ಷಾಂತರ ಗಂಡಸರು ಸಂಬಳವಿಲ್ಲದೆ ಮನೆಗೆ ಹೋದರು. ಬಂದೂಕು ಮಾತ್ರ ಅವರ ಹತ್ತಿರವೇ ಇತ್ತು. ಬುಕಾ ಎಂಬ ಅಮೆರಿಕನ್ ಸೆರೆಮನೆಯಲ್ಲಿ ಸೈನ್ಯದಲ್ಲಿದ್ದವರನ್ನೂ ಧರ್ಮದ ಹುಚ್ಚು ಹಿಡಿದವರನ್ನೂ ಒಟ್ಟಿಗೆ ಕೂಡಿಟ್ಟರು. ಅಲ್ಲಿ 2004ರಲ್ಲಿ ಇದ್ದವನೇ ಅಬು ಬಕರ್ ಅಲ್ ಬಗ್ದಾದಿ, ಮುಂದೆ ಐಸಿಸ್ ಎಂಬ ಉಗ್ರರ ಗುಂಪಿನ ನಾಯಕನಾದವನು. ಹತ್ತು ವರ್ಷ ಬಿಟ್ಟು, 2014ರ ಜೂನಿನಲ್ಲಿ, ಅವನ ಜನ ಮೋಸುಲ್ ನಗರವನ್ನೇ ಹಿಡಿದರು. ಇರಾಕಿನ ಯಾಜಿದಿ ಎಂಬ ಅಲ್ಪಸಂಖ್ಯಾತ ಪಂಗಡದ ಹೆಣ್ಣುಮಕ್ಕಳನ್ನು ಸಂತೆಯಲ್ಲಿ ಮಾರಿದವರು ಅವರೇ. ಅದನ್ನು ಮಾಡಿದ ಕೈ ಅವರದ್ದು. ಯಾವ ನೆಪವೂ ಅದಕ್ಕಿಲ್ಲ. ಮಗನ ಕಾಗದದಲ್ಲಿ ಇದಕ್ಕೆ ಕೆಳಗೆ ಎರಡು ಸಲ ಗೆರೆ ಎಳೆದಿದ್ದಾನೆ. ಅರ್ಜಿ ತುಂಬಿದವರ ಕಣ್ಣಿಗೆ ಆ ಗೆರೆ ಬೀಳಲಿಲ್ಲ.

ಇನ್ನೊಂದು ಮಾತು. ವಿರೋಧದ ಕಡೆ ಮಾತಾಡಿದ ಹುಡುಗಿ ಕೂಡ ಚೆನ್ನಾಗಿಯೇ ಮಾತಾಡಿದಳಂತೆ. ಇಂಡೋನೇಷ್ಯಾವನ್ನು ಡಚ್ಚರು ಆಳಿರಲಿಲ್ಲವಾ, ಎಲ್ಲ ಕಡೆ ಒಂದೇ ಫಲ ಯಾಕೆ ಬರಲಿಲ್ಲ ಎಂದು ಕೇಳಿದಳಂತೆ. ಸುನ್ನಿ ಶಿಯಾ ಜಗಳ ಪಶ್ಚಿಮ ಬರುವುದಕ್ಕೆ ಎಷ್ಟೋ ಮೊದಲಿನದ್ದು ಅಲ್ವಾ ಅಂದಳಂತೆ. ಒಳ್ಳೆಯ ಪ್ರಶ್ನೆಗಳು. ನನ್ನ ಮಗ ಮನೆಗೆ ಬಂದು ಅದನ್ನೇ ಎರಡು ದಿನ ತಲೆಯಲ್ಲಿ ಇಟ್ಟುಕೊಂಡಿದ್ದ. ಅವಳು ಹೇಳಿದ್ದರಲ್ಲಿ ಅರ್ಧ ಸರಿ ಇದೆ ಅಮ್ಮಾ ಅಂದ. ಚರ್ಚೆ ಅಂದರೆ ಇದೇ ಅಲ್ವಾ? ಶಾಲೆಯಲ್ಲಿ ಆಗಬೇಕಾದದ್ದು ಇದೇ. ಆದರೆ ಆ ಹುಡುಗಿಯ ಮನೆಗೆ ಯಾರೂ ಹೋಗಲಿಲ್ಲ, ಹೋಗಲೂಬಾರದು. ನನ್ನ ಮಗನ ಮನೆಗೆ ಯಾಕೆ ಬಂದರು? ಹೆಸರು ನೋಡಿ ಬಂದರು ಎಂದು ನಾನು ನಂಬುತ್ತೇನೆ. ಬೇರೆ ಕಾರಣ ಇದ್ದರೆ ನೀವು ಹೇಳಿ.

ನನ್ನ ಮಗ ಹೇಳಿದ್ದನ್ನೇ ನಿಮ್ಮ ದೊಡ್ಡವರು ಹೇಳಿದ್ದಾರೆ. ದೇಶದೊಳಗಿನ ಭದ್ರತೆ ನೋಡುವ ಬೇಹುಗಾರಿಕೆ ಸಂಸ್ಥೆ ಎಂಐ5ರ ಮುಖ್ಯಸ್ಥೆಯಾಗಿದ್ದ ಎಲೈಜಾ ಮ್ಯಾನಿಂಗ್‌ಹ್ಯಾಮ್ ಬುಲ್ಲರ್ 2010ರಲ್ಲಿ, ಇರಾಕ್ ಯುದ್ಧದ ಬಗ್ಗೆ ನಡೆದ ಚಿಲ್ಕಾಟ್ ವಿಚಾರಣೆಯ ಮುಂದೆ ಕೂತು, ಆ ಯುದ್ಧದಿಂದ ಈ ದೇಶಕ್ಕೆ ಭಯೋತ್ಪಾದನೆಯ ಅಪಾಯ ಜಾಸ್ತಿಯಾಯಿತು, ಯುವಕರ ಒಂದು ಗುಂಪು ಉಗ್ರವಾದದ ಕಡೆ ಹೋಯಿತು ಎಂದು ಸಾಕ್ಷಿ ಹೇಳಿದರು. ಯುದ್ಧಕ್ಕೆ ಕರೆದುಕೊಂಡು ಹೋದ ಟೋನಿ ಬ್ಲೇರ್ ಅವರೇ 2015ರಲ್ಲಿ, ಯುದ್ಧಕ್ಕೂ ಐಸಿಸ್ ಹುಟ್ಟಿಗೂ ಸಂಬಂಧ ಇದೆ ಅನ್ನುವ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ ಎಂದು ಟಿವಿಯಲ್ಲಿ ಒಪ್ಪಿಕೊಂಡರು. 2016ರ ಜುಲೈ 6ರಂದು ಚಿಲ್ಕಾಟ್ ವರದಿ ಬಂತು. ಹನ್ನೆರಡು ಸಂಪುಟ, 26 ಲಕ್ಷ ಪದ. ಶಾಂತಿಯ ದಾರಿ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲೇ ಯುದ್ಧಕ್ಕೆ ಹೋದರು ಎಂದು ಅದರಲ್ಲಿದೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಂಸತ್ತಿನ ವಿದೇಶಾಂಗ ಸಮಿತಿ ಲಿಬಿಯಾ ಬಗ್ಗೆ ವರದಿ ಕೊಟ್ಟಿತು. 2011ರಲ್ಲಿ ತಪ್ಪು ಲೆಕ್ಕಾಚಾರದ ಮೇಲೆ ಅಲ್ಲಿಗೆ ಹೋದೆವು, ಅದರಿಂದ ಆಯುಧಗಳು ಸುತ್ತಲಿನ ದೇಶಗಳಿಗೆ ಹರಡಿದವು, ಐಸಿಸ್‌ಗೆ ಅಲ್ಲಿ ನೆಲೆ ಸಿಕ್ಕಿತು ಎಂದು ಬರೆದರು.

ಇವರೆಲ್ಲ ಗೌರವಾನ್ವಿತರು. ಇವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ನನ್ನ ಮಗನ ಹೆಸರು ಇದೆ.

ನಿಯಮ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. 1996ರ ಶಿಕ್ಷಣ ಕಾಯ್ದೆಯ 407ನೇ ಕಲಂ, ರಾಜಕೀಯ ವಿಷಯ ಬಂದಾಗ ಎರಡೂ ಕಡೆಯ ಮಾತು ಮಕ್ಕಳಿಗೆ ಸಿಗಬೇಕು ಅನ್ನುತ್ತದೆ. ಒಂದು ಕಡೆ ಮಾತಾಡಿದವನನ್ನು ಹಿಡಿದರೆ ಎರಡೂ ಕಡೆ ಹೇಗೆ ಸಿಗುತ್ತದೆ? 2015ರಲ್ಲಿ ಪ್ರಿವೆಂಟ್ ಜವಾಬ್ದಾರಿಯನ್ನು ಶಾಲೆಗಳ ಮೇಲೆ ಕಾನೂನಿನಿಂದ ಹೊರಿಸಿದಾಗ ಕೊಟ್ಟ ಮಾರ್ಗಸೂಚಿಯಲ್ಲೇ, ಇಂತಹ ಕಷ್ಟದ ವಿಷಯಗಳನ್ನು ಮಕ್ಕಳು ನಿರ್ಭಯವಾಗಿ ಚರ್ಚಿಸುವ ಜಾಗ ಶಾಲೆ ಆಗಿರಬೇಕು ಎಂದಿದೆ. ನಿಯಮ ಸರಿಯಾಗಿಯೇ ಇದೆ. ನಡೆಯುವುದು ಬೇರೆ. ಅದನ್ನು ಸರಿ ಮಾಡುವುದು ನಿಮ್ಮ ಕೆಲಸ. ಸಂಬಂಧಪಟ್ಟ ಇಲಾಖೆಯದ್ದು ಅಲ್ಲ.

2005ರ ಜುಲೈ 7ರಂದು ಲಂಡನ್ನಿನಲ್ಲಿ ಉಗ್ರರು ಬಾಂಬ್ ಸಿಡಿಸಿ 52 ಜನರನ್ನು ಕೊಂದರು. 2017ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹಾಡು ಕೇಳಲು ಹೋದ ಮಕ್ಕಳೂ ಸೇರಿ 22 ಜನ ಸತ್ತರು. ಆ ರಾತ್ರಿ ನನ್ನ ಮಗಳ ವಯಸ್ಸಿನ ಹುಡುಗಿಯರ ಫೋಟೋಗಳನ್ನು ನೋಡಿ ನಾನು ಅತ್ತಿದ್ದೇನೆ. ಹೀಗೆ ಕೊಲ್ಲಲು ಹೊರಡುವವರನ್ನು ಮೊದಲೇ ಹಿಡಿಯಬೇಕು ಎಂದು ನನಗೂ ಆಸೆ. ನಾನೂ ಬಸ್ಸಿನಲ್ಲಿ ಓಡಾಡುತ್ತೇನೆ, ನನ್ನ ಮಕ್ಕಳೂ ಹಾಡು ಕೇಳಲು ಹೋಗುತ್ತಾರೆ. ಆದರೆ ಅಂತಹವನು ಶಾಲೆಯ ವೇದಿಕೆ ಹತ್ತಿ, ಗ್ರಂಥಾಲಯದ ಪುಸ್ತಕ ಓದಿ, ಎದುರಿನವಳ ಮಾತು ಅರ್ಧ ಸರಿ ಎಂದು ಹೇಳುತ್ತಾನಾ?

ಈಗ ನನ್ನ ಮಗ ಹೇಗಿದ್ದಾನೆ ಗೊತ್ತಾ? ಚರ್ಚಾ ತಂಡ ಬಿಟ್ಟ. ಇತಿಹಾಸವನ್ನೂ ಬಿಟ್ಟು ಭೂಗೋಳ ತೆಗೆದುಕೊಂಡ. ಇತಿಹಾಸದ ಮೇಷ್ಟ್ರು ಪಾಪ ಒಳ್ಳೆಯವರು, ಮನೆಗೆ ಬಂದು ಕೇಳಿಕೊಂಡರು, ಅವನು ಒಪ್ಪಲಿಲ್ಲ. ಟಿವಿಯಲ್ಲಿ ಮುಸ್ಲಿಂ ದೇಶಗಳ ಸುದ್ದಿ ಬಂದರೆ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಅಜ್ಜ ಫೋನ್ ಮಾಡಿ ಕುವೈತ್ ಎಂದು ಶುರು ಮಾಡಿದರೆ, "ಅಜ್ಜಾ, ಫೋನಿನಲ್ಲಿ ಅದೆಲ್ಲ ಬೇಡ" ಅನ್ನುತ್ತಾನೆ. ಎಂಬತ್ತು ದಾಟಿದ ನನ್ನ ಅಪ್ಪನಿಗೆ ಅದು ಯಾಕೆ ಎಂದು ನಾನು ಇನ್ನೂ ಹೇಳಿಲ್ಲ. ಹೇಳಲು ನಾಚಿಕೆಯಾಗುತ್ತದೆ. ಬಾಗಿಲು ಹಾಕಿದ ಕೋಣೆಯಲ್ಲಿ ಅವನು ಫೋನಿನಲ್ಲಿ ಏನು ನೋಡುತ್ತಾನೆ ಎಂದು ನನಗೆ ಗೊತ್ತಿಲ್ಲ. ಮೊದಲು ಗೊತ್ತಿತ್ತು. ಊಟದ ಮೇಜಿನ ಮೇಲೆ ಎಲ್ಲ ಹರಡಿಕೊಂಡು ಕೂರುತ್ತಿದ್ದ. ಇದರಿಂದ ಈ ದೇಶ ಸುರಕ್ಷಿತವಾಯಿತು ಎಂದು ಯಾರಾದರೂ ನನಗೆ ತಿಳಿಸಿ ಹೇಳಲಿ.

ಸಂಸದರೇ, ನಿಮ್ಮ ಉತ್ತರದಲ್ಲಿ ಒಂದು ಶಬ್ದ ಮೂರು ಸಲ ಬಂದಿದೆ. ನಿಮ್ಮ ಕಳವಳ ನಮಗೆ ಅರ್ಥವಾಗುತ್ತದೆ. ನನ್ನ ಮಗನೂ ಅದೇ ಶಬ್ದ ಹೇಳಿದ್ದು. ಅವನಿಗೆ ಅರ್ಥವಾದದ್ದು ಅಪರಾಧವಾದರೆ, ನಿಮಗೆ ಅರ್ಥವಾದದ್ದು ಬರೀ ಕಾಗದದ ಮಾತೇ? ಅರ್ಥವಾಗಿದ್ದರೆ ಕೇಳಿ. ಎದ್ದು ನಿಂತು ಕೇಳಲು ಆಗದಿದ್ದರೆ, ಒಂದು ಲಿಖಿತ ಪ್ರಶ್ನೆ ಹಾಕಲು ನಿಮಗೆ ಎಷ್ಟು ಹೊತ್ತು ಬೇಕು? ಗೃಹ ಸಚಿವರು ಉತ್ತರ ಕೊಡಲೇಬೇಕು. ಆ ಉತ್ತರ ಮುದ್ರಣವಾಗುತ್ತದೆ. ಅದನ್ನು ನಾನು ಶಾಲೆಗೆ ತೆಗೆದುಕೊಂಡು ಹೋಗುತ್ತೇನೆ, ಇದೇ ರೀತಿ ಸುಮ್ಮನಾದ ಬೇರೆ ತಾಯಂದಿರೂ ತೆಗೆದುಕೊಂಡು ಹೋಗುತ್ತಾರೆ. ನನಗೆ ಗೊತ್ತಿರುವ ಹಾಗೆಯೇ ಮೂರು ಮನೆ ಇವೆ. ಅವರು ಬರೆಯುವುದಿಲ್ಲ. ಭಯ ಅವರಿಗೆ. ನನ್ನ ಗಂಡನಿಗೂ ಭಯ. "ಸುಮ್ನೆ ಇರು ಮಾರಾಯ್ತಿ, ಮಗನಿಗೆ ಇನ್ನೂ ತೊಂದರೆ ಆದೀತು" ಅನ್ನುತ್ತಾರೆ. ಆದರೂ ಈ ಪತ್ರ ಮುಗಿಯುವವರೆಗೆ ಪಕ್ಕದಲ್ಲೇ ಕೂತಿದ್ದಾರೆ.

ಮುಂದಿನ ಶನಿವಾರ ನೀವು ಜನರನ್ನು ಭೇಟಿಯಾಗುವ ದಿನ. ಕನ್ನಡ ತರಗತಿಯನ್ನು ಅವತ್ತು ಬೇರೆಯವರಿಗೆ ಒಪ್ಪಿಸಿದ್ದೇನೆ. ಹತ್ತು ಗಂಟೆಗೆ ಬರುತ್ತೇನೆ. ಮಗನ ಭಾಷಣದ ಪ್ರತಿ ತರುತ್ತೇನೆ, ಎರಡು ಸಾಲೂ ಇರುವ ಪ್ರತಿ. ನೀವು ಕೇಳಬೇಕಾದ ಪ್ರಶ್ನೆಯನ್ನೂ ನಾನೇ ಟೈಪ್ ಮಾಡಿಸಿ ತರುತ್ತೇನೆ. ಅದು ಮೂರೇ ಸಾಲು. ನೀವು ಸಹಿ ಹಾಕಿ ಕಳಿಸಿದರೆ ಸಾಕು.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು, ಒಬ್ಬ ತಾಯಿ